ಫೆಬ್ರವರಿಯ ಗದ್ದೆ

ಮೊನ್ನೆ ಮೇಣದಬತ್ತಿಯ ಹಬ್ಬದ ದಿನ ಪೂಜೆ ಮುಗಿದ ಮೇಲೆ ಎಲ್ಲರೂ ಕೈಯಲ್ಲಿದ್ದ ಬತ್ತಿಗಳನ್ನು ಊದಿದರು. ಅಷ್ಟೊಂದು ಬತ್ತಿ ಒಟ್ಟಿಗೆ ಆರಿದಾಗ ಇಗರ್ಜಿಯ ತುಂಬ ಒಂದು ವಾಸನೆ ಏಳುತ್ತದೆ, ಸುಟ್ಟ ನೂಲಿನದೂ ಜೇನಿನದೂ ಬೆರೆತದ್ದು. ಚಿಕ್ಕಂದಿನಲ್ಲಿ ಅದೆಂದರೆ ನನಗೆ ಪ್ರಾಣ. ಈ ಸಲ ಮುಂದಿನ ಬೆಂಚು ಹಿಡಿದುಕೊಂಡು ಕೂತುಬಿಟ್ಟೆ. ಪಕ್ಕದಲ್ಲಿದ್ದ ಮೊಮ್ಮಗಳು, "ಗ್ರ್ಯಾನಿ, ಆರ್ ಯೂ ಓಕೆ?" ಎಂದಳು. ಓಕೆ ಎಂದೆ. ಕಳೆದ ವರ್ಷ ಸೆವ್ರಿನ್‌ಳ ಫ್ಲ್ಯಾಟಿನ ಬಾಗಿಲು ತೆಗೆದಾಗ ಇದೇ ವಾಸನೆ ಮುಖಕ್ಕೆ ಬಡಿದಿತ್ತೆಂದು ಆ ಮಗುವಿಗೆ ಹೇಗೆ ಹೇಳುವುದು.

ಸೆವ್ರಿನ್ ಬೋರ್ಡಿಂಗ್ ಶಾಲೆಯಲ್ಲಿ ನನಗಿಂತ ಮೂರು ಕ್ಲಾಸು ಮೇಲಿದ್ದವಳು. ಮಂಗಳೂರಿನ ಆ ಕಾನ್ವೆಂಟಿನಲ್ಲಿ ಕೊಂಕಣಿ ಆಡಿದರೆ ಮಂಡಿಯೂರಿಸುತ್ತಿದ್ದರು. ಹಾಗಾಗಿ ಇಬ್ಬರೂ ಕೊಂಕಣಿ ಮನೆಯವರಾದರೂ ಕಡೆಯ ತನಕ ಒಬ್ಬರಿಗೊಬ್ಬರು ಕನ್ನಡದಲ್ಲೇ ಮಾತಾಡಿದೆವು. ಅವಳು ಲಂಡನ್ನಿಗೆ ನರ್ಸಾಗಿ ಬಂದಳು, ಮದುವೆಯಾಗಲಿಲ್ಲ, ರಿಟೈರ್ ಆದ ಮೇಲೆ ಬಿಷಪರ ಅನುಮತಿ ಪಡೆದು ಒಂಟಿಯಾಗಿ ಪ್ರಾರ್ಥನೆಯಲ್ಲಿ ಬದುಕುವ ವಚನ ಕೊಟ್ಟಳು. ಹರ್ಮಿಟ್. ಈ ಕಾಲದಲ್ಲೂ ಹಾಗೆ ಮಾಡಬಹುದೆಂದು ನನಗೆ ಗೊತ್ತೇ ಇರಲಿಲ್ಲ. ಕಾಡು, ಗುಹೆ ಎಲ್ಲ ಎಲ್ಲಿಂದ ಬರಬೇಕು. ಇಲ್ಫರ್ಡಿನ ಕೌನ್ಸಿಲ್ ಫ್ಲ್ಯಾಟು, ಒಂಬತ್ತನೇ ಮಹಡಿ, ವಾರಕ್ಕೆರಡು ಸಲ ಕೆಡುವ ಲಿಫ್ಟು.

ಗುರುವಾರ ಮಧ್ಯಾಹ್ನ ಮಾತ್ರ ನನಗೆ ಅಲ್ಲಿ ಪ್ರವೇಶ. ಉಳಿದ ದಿನ ಬೆಳಿಗ್ಗೆ ಎಂಟಕ್ಕೆ ನಾನು ಅವಳ ಫೋನಿಗೆ ಎರಡು ರಿಂಗ್ ಕೊಟ್ಟು ಕಟ್ ಮಾಡಬೇಕು, ಅವಳು ಎರಡು ರಿಂಗ್ ವಾಪಸ್ ಕೊಡಬೇಕು. ಅವಳ ಮೌನವೂ ಕೆಡುವುದಿಲ್ಲ, ಜೀವಂತ ಇದ್ದಾಳೆಂದು ನನಗೂ ತಿಳಿಯುತ್ತದೆ. ನನ್ನ ಮಗ ಇದಕ್ಕೆ "ಮಿಸ್ಡ್ ಕಾಲ್ ಮೊನಾಸ್ಟರಿ" ಎಂದು ಹೆಸರಿಟ್ಟಿದ್ದ. ಆರು ವರ್ಷದಲ್ಲಿ ಒಂದು ಬೆಳಿಗ್ಗೆಯೂ ತಪ್ಪಿದ್ದಿಲ್ಲ.

ಅವಳ ಕಣ್ಣಿನ ನಡುಭಾಗದ ದೃಷ್ಟಿ ಹೋಗಿತ್ತು. "ಕಿಟಕಿಯ ಅಂಚು ಕಾಣ್ತದೆ, ಕಿಟಕಿ ಕಾಣುದಿಲ್ಲ," ಎನ್ನುತ್ತಿದ್ದಳು. ಆದ್ದರಿಂದ ಗುರುವಾರ ಅವಳು ಉಣ್ಣುವಾಗ ನಾನು ಓದಬೇಕು. ಇದು ನಮ್ಮ ಕಾನ್ವೆಂಟಿನ ಪದ್ಧತಿ. ಊಟದ ಹಾಲ್‌ನಲ್ಲಿ ಎಲ್ಲರೂ ಬಾಯಿಮುಚ್ಚಿ ಉಣ್ಣುವಾಗ ಒಬ್ಬ ಹುಡುಗಿ ಸ್ಟೂಲಿನ ಮೇಲೆ ನಿಂತು ಸಂತರ ಚರಿತ್ರೆ ಓದುವಳು. ನನ್ನ ಉಚ್ಚಾರ ಚೆನ್ನಾಗಿದೆಯೆಂದು ಎರಡು ವರ್ಷ ಆ ಸ್ಟೂಲು ನನ್ನದೇ ಆಗಿತ್ತು. ಮದರ್ ಸುಪೀರಿಯರ್ ಒಂದು ನಿಯಮ ಹಾಕಿದ್ದರು. ಓದುವವಳು ಮುಂದಿನ ಅಧ್ಯಾಯಗಳನ್ನೆಲ್ಲ ಮೊದಲೇ ತಾನು ಓದಿಕೊಂಡಿರಬೇಕು, ಏನು ಬರುತ್ತದೆಂದು ತಿಳಿಯದೆ ಬಾಯಿ ತೆರೆಯಬಾರದು. ಈ ವಯಸ್ಸಿಗೂ ನಾನು ಆ ನಿಯಮ ಬಿಟ್ಟಿರಲಿಲ್ಲ. ಸೆವ್ರಿನ್‌ಗೂ ಅದು ಗೊತ್ತಿತ್ತು.

ಕಳೆದ ವರ್ಷದ ಹಿಂದಿನ ಬೇಸಿಗೆಯಲ್ಲಿ ಚಾರಿಟಿ ಶಾಪಿನಲ್ಲಿ ಸಿಕ್ಕಿದ ತೆಳು ಪುಸ್ತಕವೊಂದನ್ನು ಒಯ್ದಿದ್ದೆ. ಲೆವಿನ್ ಎಂಬ ಹರ್ಮಿಟ್‌ನ ಚರಿತ್ರೆ. ಎಂಟುನೂರು ವರ್ಷದ ಹಿಂದೆ ಅವನ ಮಠದ ಸನ್ಯಾಸಿಯೇ ಒಬ್ಬ ಲ್ಯಾಟಿನ್ನಿನಲ್ಲಿ ಬರೆದದ್ದು, ಯಾರೋ ಇಂಗ್ಲಿಷಿಗೆ ತಂದಿದ್ದರು. ಬರೆದವನ ಹೆಸರು ಎಲ್ಲೂ ಇರಲಿಲ್ಲ. ಲೆವಿನ್ ಜೌಗುನೆಲದ ನಡುವೆ ಆಪು ಹುಲ್ಲಿನ ಗುಡಿಸಲಿನಲ್ಲಿ ಹತ್ತೊಂಬತ್ತು ವರ್ಷ ಒಬ್ಬನೇ ಇದ್ದ. ಬಾರ್ಲಿ ಗಂಜಿ ಕುಡಿಯುತ್ತಿದ್ದ, ಕಪ್ಪೆಗಳ ಜತೆ ಸಂಜೆಯ ಕೀರ್ತನೆ ಹಾಡುತ್ತಿದ್ದ. "ನನಗಿಂತ ಒಳ್ಳೆ ಕಂಪನಿ," ಎಂದಳು ಸೆವ್ರಿನ್. ಅವಳ ಕಿಟಕಿಯ ಕೆಳಗೆ ರೋಡಿಂಗ್ ನದಿ ಕೊಳೆನೀರಿನಂತೆ ಹರಿಯುತ್ತದೆ, ಅದರಾಚೆ ಅಂಗಡಿಗಳ ದೊಡ್ಡ ಕಾರ್ ಪಾರ್ಕು. ಅದೆಲ್ಲ ಒಂದು ಕಾಲಕ್ಕೆ ಜೌಗೇ. ಲೆವಿನ್ ಅಲ್ಲೇ ಟ್ರಾಲಿಗಳ ಹತ್ತಿರ ಇದ್ದಾನೆಂದು ಅವಳು ನಂಬಿಬಿಟ್ಟಿದ್ದಳು.

ಜುಲೈಯಲ್ಲಿ ನಮ್ಮ ಗುರ್ಕಾರ್ ತೀರಿಕೊಂಡರು. ಊರಿನಲ್ಲಿ ಇಗರ್ಜಿಯ ಪ್ರತಿ ವಾಳೆಗೆ, ಅಂದರೆ ಕೇರಿಗೆ, ಒಬ್ಬ ಗುರ್ಕಾರ್ ಇರುತ್ತಾನೆ, ನೆರೆಹೊರೆಯ ಜಗಳ ತೀರಿಸಿ ಹಬ್ಬ ನಡೆಸುವ ಹಿರಿಯ. ಲಂಡನ್ನಿನ ನಮ್ಮ ಇಪ್ಪತ್ತಾರು ಮನೆಗಳೂ ಆ ಪದ್ಧತಿ ಇಟ್ಟುಕೊಂಡಿದ್ದವು. ಅವರು ಹೋದದ್ದೇ ಕಬ್ಬಿನ ಜಗಳ ಮೇಲೆದ್ದಿತು. ಸೆಪ್ಟೆಂಬರಿನ ತೆನೆ ಹಬ್ಬದಲ್ಲಿ ಹೊಸ ತೆನೆ ಆಶೀರ್ವದಿಸಿದ ಮೇಲೆ ಹಬ್ಬಕ್ಕೆ ದುಡಿದ ಮನೆಗಳಿಗೆ ಕಬ್ಬು ಕೊಡುವುದು ಪದ್ಧತಿ, ಮೊದಲ ಕಬ್ಬು ಯಾರ ಕೈಗೆ ಹೋಗುತ್ತದೋ ಆ ಮನೆ ದೊಡ್ಡದು. ಇಲ್ಫರ್ಡಿನ ವಿಕ್ಟರ್ ಮನೆಗೋ ಕಿಂಗ್ಸ್‌ಬರಿಯ ಡೊಲ್ಫಿ ಮನೆಗೋ? ಊರಿನಲ್ಲಿ ಅವರ ಅಜ್ಜಂದಿರೂ ಇದಕ್ಕೇ ಮಾತು ಬಿಟ್ಟವರಂತೆ. ಅರ್ಧ ಮನೆಗಳು ಅತ್ತ, ಅರ್ಧ ಇತ್ತ. ಕಡೆಗೆ ಇಬ್ಬರೂ ಒಟ್ಟಿಗೆ ನಮ್ಮ ಮನೆಗೆ ಬಂದು ಸೋಫಾದ ಎರಡು ತುದಿಯಲ್ಲಿ ಕೂತರು. ಸೆವ್ರಿನ್ ಗುರ್ಕಾರ್ ಆಗಲಿ, ಅವಳು ಯಾರ ಕಡೆಯವಳೂ ಅಲ್ಲ ಎಂಬುದು ಅವರ ಮಾತು.

"ನೀವು ಹೇಳಿದ್ರೆ ಅವರು ಕೇಳ್ತಾರೆ, ಲಿಲ್ಲಿಬಾಯ್," ಎಂದ ವಿಕ್ಟರ್.

"ಅವಳು ಬಾಗಿಲೇ ತೆಗೆಯುದಿಲ್ಲ ಮಾರಾಯ."

"ನಿಮಗೆ ತೆಗೀತಾರಲ್ಲ," ಎಂದ ಡೊಲ್ಫಿ. "ಗುರುವಾರ ಗುರುವಾರ ಎಂಥ ಮಾಡ್ತೀರಿ ಅಲ್ಲಿ? ಇಬ್ಬರೂ ಸೇರಿ ಸ್ವರ್ಗಕ್ಕೆ ಸುರಂಗ ತೋಡುದಾ?"

ಜೀವನದಲ್ಲಿ ಮೊದಲ ಸಲ ಎರಡು ಪಾರ್ಟಿಯ ಗಂಡಸರು ನನ್ನ ಸಹಾಯ ಕೇಳಿ ನನ್ನ ಮನೆಯ ಚಹ ಕುಡಿದಿದ್ದರು. ನನಗೆ ಅದು ರುಚಿಸಿತು. ಸುಳ್ಳು ಯಾಕೆ ಹೇಳಲಿ.

ಎರಡು ಗುರುವಾರ ಸೆವ್ರಿನ್ ಆಗುವುದಿಲ್ಲ ಎಂದಳು. ಮೂರನೆಯ ಗುರುವಾರ ನಾನು ಲೆವಿನ್‌ನ ಒಂಬತ್ತನೇ, ಹತ್ತನೇ ಅಧ್ಯಾಯ ಓದಿದೆ. ನದಿಯಾಚೆಯ ಮಠದ ಆ್ಯಬಟ್, ಅಂದರೆ ಹಿರಿಯ ಯಜಮಾನ, ಸತ್ತುಹೋಗಿರುತ್ತಾನೆ. ಸನ್ಯಾಸಿಗಳು ಎರಡು ಪಂಗಡವಾಗಿ ಬೇರೆ ಬೇರೆ ಮೇಜಿನಲ್ಲಿ ಉಣ್ಣುತ್ತಿರುತ್ತಾರೆ. ಅವರು ದೋಣಿಯಲ್ಲಿ ಬಂದು ಲೆವಿನ್‌ನನ್ನು ಕರೆಯುತ್ತಾರೆ. ಎರಡು ಸಲ ಅವನು ಒಲ್ಲೆನೆನ್ನುತ್ತಾನೆ. ಮೂರನೇ ಸಲ ಅವರು ಮಾತೇ ಆಡದೆ ಗುಡಿಸಲಿನ ಮಾಡು ಹತ್ತಿ ಹುಲ್ಲು ಕೀಳತೊಡಗುತ್ತಾರೆ. ಒಂದೊಂದೇ ಕಟ್ಟು ನೀರಿಗೆ ಹಾಕುತ್ತಾರೆ. ಅವನು ಒಳಗೆ ಕೂತಲ್ಲೇ ತಲೆಯೆತ್ತಿ ಆಕಾಶ ನೋಡಿ, ಎದ್ದು ದೋಣಿ ಹತ್ತುತ್ತಾನೆ. ಮಠದ ಗಂಟೆಗಳು ತಾವಾಗಿ ಮೊಳಗುತ್ತವೆ. ಅಲ್ಲಿಗೆ ಹತ್ತನೇ ಅಧ್ಯಾಯ ಮುಗಿಯುತ್ತದೆ.

ನಾನು ಪುಸ್ತಕ ಮುಚ್ಚಿದೆ.

"ಅಷ್ಟೆಯಾ? ಮುಗೀತಾ?" ಎಂದಳು.

"ಮುಗೀತು."

ಅವಳು ಕೈ ಚಾಚಿ ಪುಸ್ತಕ ತೆಗೆದುಕೊಂಡಳು. ಓದಿದ ಪುಟಕ್ಕೆ ನಾನು ರಿಬ್ಬನ್ ಇಟ್ಟಿದ್ದೆ. ಅವಳ ಹೆಬ್ಬೆರಳು ರಿಬ್ಬನ್ನಿನಾಚೆ ಉಳಿದ ಹಾಳೆಗಳ ಮೇಲೆ ಸರಿದು, ಅಲ್ಲೇ ಸ್ವಲ್ಪ ಹೊತ್ತು ನಿಂತಿತು. ನರ್ಸಿನ ಬೆರಳು, ನಾಡಿ ನೋಡಿದ ಹಾಗೆ.

"ಹಿಂದೆ ನೋಟ್ಸ್ ಜಾಸ್ತಿ ಉಂಟು ಕಾಣ್ತದೆ," ಎಂದಳು.

"ಹೌದು," ಎಂದೆ. "ನೋಟ್ಸ್."

ಅವು ನೋಟ್ಸ್ ಆಗಿರಲಿಲ್ಲ. ಇನ್ನೂ ನಾಲ್ಕು ಅಧ್ಯಾಯಗಳಿದ್ದವು. ಅವುಗಳಲ್ಲಿ ಏನಿದೆಯೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ಸೆವ್ರಿನ್ ಒಪ್ಪಿದಳು. ವಚನ ಸಡಿಲಿಸಲು ಬಿಷಪರ ಆಫೀಸಿಗೆ ಕಾಗದ ಬರೆಸಿದಳು, ಫೋನ್ ನಂಬರ್ ಎಲ್ಲರಿಗೂ ಕೊಟ್ಟಳು. ಮರುದಿನದಿಂದ ಫೋನಿಗೆ ಬಿಡುವಿಲ್ಲ. ಹಾಲ್ ಬುಕಿಂಗ್, ಕಾಯರ್, ಯಾರ ಮಗಳಿಗೆ ಯಾವ ಹಾಡು. ನನ್ನ ಎಂಟು ಗಂಟೆಯ ರಿಂಗಿಗೆ ಲೈನ್ ಬಿಜಿ. "ಬಿಡು ಲಿಲ್ಲಿ," ಎಂದಳು ನಗುತ್ತ. "ನಾನು ಸತ್ತರೆ ಈಗ ಇಪ್ಪತ್ತಾರು ಮನೆಗೆ ಮೊದಲು ಗೊತ್ತಾಗ್ತದೆ. ನಿನ್ನ ಮಿಸ್ಡ್ ಕಾಲ್ ಇನ್ನು ಯಾಕೆ?" ಹಾಗೆ ಅದು ನಿಂತುಹೋಯಿತು.

ತೆನೆ ಹಬ್ಬಕ್ಕೆ ಬೆಳಗ್ಗಿನಿಂದ ಜಡಿಮಳೆ. ಮಂಗಳೂರಿನಿಂದ ಯಾರದೋ ಸೂಟ್‌ಕೇಸಿನಲ್ಲಿ ಬಂದ ತೆನೆ, ಇಲ್ಫರ್ಡಿನ ತರಕಾರಿ ಅಂಗಡಿಯ ಕಬ್ಬು. ಆಶೀರ್ವಾದ ಆದ ಮೇಲೆ ಹಾಲ್‌ನಲ್ಲಿ ಎಲ್ಲರ ಕಣ್ಣು ಸೆವ್ರಿನ್‌ಳ ಮೇಲೆ. ವಿಕ್ಟರ್ ಟೈ ಸರಿಮಾಡಿಕೊಂಡ, ಡೊಲ್ಫಿಯ ಹೆಂಡತಿ ಮೊಬೈಲಿನ ಕ್ಯಾಮೆರಾ ಎತ್ತಿದಳು. ಸೆವ್ರಿನ್ ಮೊದಲ ಕಬ್ಬನ್ನು ತಡವಿ ಎತ್ತಿಕೊಂಡು, ಅಡುಗೆಮನೆಯಿಂದ ಕತ್ತಿ ತರಿಸಿ, ಅದನ್ನು ಬೆರಳುದ್ದದ ತುಂಡುಗಳಾಗಿ ಕಡಿಯತೊಡಗಿದಳು. ನಂತರ ಎರಡನೆಯದು, ಮೂರನೆಯದು. ಕತ್ತಿ ಹಲಗೆಗೆ ತಾಗುವ ಸದ್ದೊಂದೇ. ಎಲ್ಲ ಕಡಿದಾದ ಮೇಲೆ ತಟ್ಟೆಯನ್ನು ಮಕ್ಕಳ ಕೈಗೆ ಕೊಟ್ಟು, "ಹಂಚಿ. ಯಾರಿಂದ ಬೇಕಾದ್ರೂ ಸುರು ಮಾಡಿ," ಎಂದಳು. ಮಕ್ಕಳು ತಮ್ಮ ತಮ್ಮ ಬಾಯಿಗೇ ಮೊದಲು ಹಾಕಿಕೊಂಡವು.

ಯಾರೂ ಏನೂ ಅನ್ನಲಿಲ್ಲ. ನನಗೆ ಹೆದರಿಕೆಯಾದದ್ದು ಅದಕ್ಕೇ. ಪಾರ್ಕಿಂಗಿನಲ್ಲಿ ಮಳೆಯಲ್ಲಿ ವಿಕ್ಟರ್ ಡೊಲ್ಫಿಗೆ ಕೊಡೆ ಹಿಡಿದು ನಿಂತದ್ದು ಕಂಡೆ. ಒಂದೇ ಕೊಡೆಯಡಿ ಆ ಇಬ್ಬರನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಹನ್ನೊಂದನೇ ಅಧ್ಯಾಯದ ಮೊದಲ ಸಾಲು ತಲೆಯೊಳಗೆ ಬಂತು: ಎರಡು ಮೇಜುಗಳಲ್ಲಿ ಉಣ್ಣುತ್ತಿದ್ದ ಸೋದರರು ಅಂದಿನಿಂದ ಒಂದೇ ಮೇಜಿನಲ್ಲಿ ಕೂತರು, ಮತ್ತು ಅದು ಆ್ಯಬಟ್‌ನ ಮೇಜಾಗಿರಲಿಲ್ಲ.

ಅಕ್ಟೋಬರ್ ಜಪಮಾಲೆಯ ತಿಂಗಳು. ಪ್ರತಿ ಶನಿವಾರ ತನ್ನ ಫ್ಲ್ಯಾಟಿನಲ್ಲಿ ಪ್ರಾರ್ಥನೆ ಎಂದು ಸೆವ್ರಿನ್ ಎಲ್ಲರಿಗೂ ಹೇಳಿಸಿದಳು. ಮೊದಲ ಶನಿವಾರ ಐದು ಜನ, ಎರಡನೆಯದಕ್ಕೆ ಇಬ್ಬರು. ಮೂರನೆಯದಕ್ಕೆ ನಾನೊಬ್ಬಳು. ನದಿಯಿಂದೆದ್ದ ಮಂಜು ಒಂಬತ್ತನೇ ಮಹಡಿಯ ತನಕ ಬಂದು ಗಾಜಿಗೆ ಮೂಗು ಒತ್ತಿ ನಿಂತಂತಿತ್ತು. ಅವಳು ಬಾಗಿಲು ಅರ್ಧ ತೆರೆದಿಟ್ಟಿದ್ದಳು, ಬರುವವರಿಗೆ ಬೆಲ್ ಒತ್ತುವ ತೊಂದರೆ ಬೇಡವೆಂದು. ಕಾರಿಡಾರಿನ ಚಳಿ ಒಳಗೆ ಬರುತ್ತಿತ್ತು. ಲಿಫ್ಟಿನ ಸದ್ದಾದಾಗಲೆಲ್ಲ ನಾವು ಮಣಿ ನಿಲ್ಲಿಸಿ ಕಿವಿಗೊಟ್ಟೆವು. ಅದು ಪ್ರತಿ ಸಲವೂ ಬೇರೆ ಮಹಡಿಗೆ ಹೋಗುತ್ತಿತ್ತು.

"ಲಿಫ್ಟ್ ಹಾಳಾಗಿದೆ ಅಂದ್ಕೊಂಡಿರಬೇಕು," ಎಂದೆ.

"ಸದ್ದು ಕೇಳ್ತದಲ್ಲ," ಎಂದಳು.

ಫೋನೂ ತಣ್ಣಗಾಯಿತು. ಕ್ರಿಸ್ಮಸ್ ತಿಂಡಿಗಳ, ಕುಸ್ವಾರದ, ತಟ್ಟೆ ಆ ವರ್ಷ ಅವಳ ಮನೆಗೆ ಹೋದದ್ದು ನನ್ನದೊಂದೇ, ಅದನ್ನೂ ನಾನು ಪೇಪರಿನಲ್ಲಿ ಸುತ್ತಿ ಒಯ್ದೆ, ಬಸ್ ಸ್ಟಾಪಿನಲ್ಲಿ ಯಾರಾದರೂ ಕಂಡಾರೆಂದು. ಮೊದಲು ಆ ಮೌನದಲ್ಲಿ ಸೆವ್ರಿನ್ ಮೀನಿನಂತೆ ಇದ್ದವಳು. ಈಗ ಅದೇ ಕೋಣೆಯಲ್ಲಿ ಅವಳಿಗೆ ಪ್ರಾರ್ಥನೆ ಹತ್ತುತ್ತಿರಲಿಲ್ಲ. "ಕಿವಿ ಬಾಗಿಲಲ್ಲೇ ಉಂಟು ಲಿಲ್ಲಿ," ಎಂದಳು ಒಂದು ದಿನ. "ಯಾರೂ ಬರುದಿಲ್ಲ ಅಂತ ಗೊತ್ತಿದ್ದಾಗ ದೇವರು ಬರ್ತಿದ್ದ. ಈಗ ಬರಬೇಕಾದವರನ್ನು ಕಾಯ್ತಾ ಕಾಯ್ತಾ..." ಅವಳು ತೆಳ್ಳಗಾಗಿದ್ದಳು. ಏಳುವಾಗ ಗೋಡೆ ಹಿಡಿಯುತ್ತಿದ್ದಳು. ಜಿಪಿ ಡಾಕ್ಟರಿಗೆ ತೋರಿಸು ಎಂದರೆ, ತಾನೇ ನಲವತ್ತು ವರ್ಷ ನರ್ಸು, ಅವನು ಮೊನ್ನೆ ಹುಟ್ಟಿದವನು ಎಂದು ನಕ್ಕಳು.

ಜನವರಿಯ ಕೊನೆಯ ಗುರುವಾರ, ಊಟದ ತಟ್ಟೆಯ ಮುಂದೆ ಕೂತು, "ಆ ನೋಟ್ಸ್ ಓದು," ಎಂದಳು.

ನಾನು ತಲೆ ಎತ್ತಲಿಲ್ಲ. ಪುಸ್ತಕ ತೆಗೆದು ನಾಲ್ಕು ಅಧ್ಯಾಯವನ್ನೂ ಒಂದೇ ಪಟ್ಟಿನಲ್ಲಿ ಓದಿದೆ. ಲೆವಿನ್ ಮಠದ ಕೊಳದ ಮೀನನ್ನು ಜೌಗಿನ ಬಡವರಿಗೆ ಬಿಟ್ಟುಕೊಡುತ್ತಾನೆ. ಸೋದರರು ಅವನ ಪ್ರಾರ್ಥನೆಗೆ ಆಮೆನ್ ಹೇಳುವುದನ್ನು ನಿಲ್ಲಿಸುತ್ತಾರೆ. ಅವನು ಗುಡಿಸಲಿಗೆ ಮರಳುತ್ತೇನೆನ್ನುತ್ತಾನೆ. ಗುಡಿಸಲು ಎಲ್ಲಿದೆ, ನೆಲಗಟ್ಟಿನಲ್ಲಿ ನೀರು ನಿಂತಿದೆ. ಚಳಿಗಾಲದಲ್ಲಿ ಅವನಿಗೆ ಜ್ವರ ಬರುತ್ತದೆ. ಕಡೆಯ ಪುಟದಲ್ಲಿ ಹೀಗಿತ್ತು: ಮೇಣದಬತ್ತಿಯ ಹಬ್ಬದ ದಿನ ಅವನು ಕರ್ತನಲ್ಲಿ ನಿದ್ರೆಹೋದನು. ಆ ಹೊತ್ತಿಗೆ ಸೋದರರೆಲ್ಲರೂ ಗದ್ದೆಯಲ್ಲಿದ್ದುದರಿಂದ ಯಾರೂ ಅವನ ಬಳಿ ಇರಲಿಲ್ಲ.

"ಇನ್ನೊಮ್ಮೆ ಓದು," ಎಂದಳು. ಓದಿದೆ.

"ಮೇಣದಬತ್ತಿಯ ಹಬ್ಬ ಅಂದ್ರೆ ಫೆಬ್ರವರಿ ಎರಡು," ಎಂದಳು. "ಈ ದೇಶದಲ್ಲಿ ಫೆಬ್ರವರಿಯಲ್ಲಿ ಎಂಥ ಗದ್ದೆ ಲಿಲ್ಲಿ? ನೆಲ ಕಲ್ಲಾಗಿರ್ತದೆ. ಎಂಥ ಕೊಯ್ಲಿಕ್ಕೆ ಹೋದ್ರು ಅವರು?"

ಗದ್ದೆಯ ಬದುವಿನಲ್ಲಿ ಬೆಳೆದವರು ನಾವಿಬ್ಬರೂ. ನಾನು ಅದನ್ನು ಎಷ್ಟು ಸಲ ಓದಿಕೊಂಡರೂ ನನಗದು ಹೊಳೆದಿರಲಿಲ್ಲ. ಇಬ್ಬರಿಗೂ ನಗು ಬಂತು, ಬೋರ್ಡಿಂಗಿನಲ್ಲಿ ಬಂದಂಥ ಕೆಟ್ಟ ನಗು, ಕಣ್ಣಲ್ಲಿ ನೀರು ಬರುವ ತನಕ. ನಗು ನಿಂತ ಮೇಲೆ ಅವಳು ಮೆಲ್ಲಗೆ ಹೇಳಿದಳು.

"ಬರೆದವನೂ ಗದ್ದೆಯಲ್ಲೇ ಇದ್ದ, ಅಲ್ವಾ?"

ನಂತರ, ಏನೂ ಆಗದವಳಂತೆ, ಬರುವ ಆದಿತ್ಯವಾರವೇ ಆ ಹಬ್ಬ, ಎಲ್ಲರನ್ನೂ ಕರೆಯುತ್ತೇನೆ, ಇಗರ್ಜಿಯಲ್ಲಿ ಆಶೀರ್ವದಿಸಿದ ಬತ್ತಿ ತರಿಸಿಟ್ಟಿದ್ದೇನೆ ಎಂದಳು. "ಬೇರೆಯವರು ಬರದಿದ್ರೆ ಬೇಡ. ನೀನು ಬರ್ತೀಯಲ್ಲ?"

"ಬರ್ತೇನೆ," ಎಂದೆ.

ಶುಕ್ರವಾರ ಡೊಲ್ಫಿಯ ಫೋನ್ ಬಂತು. "ಆದಿತ್ಯವಾರ ನಮ್ಮಲ್ಲಿ ಸುಮ್ನೆ ಒಂದು ಊಟ, ಲಿಲ್ಲಿಬಾಯ್. ಎಂಥದೂ ವಿಶೇಷ ಇಲ್ಲ. ಎಲ್ಲರೂ ಬರ್ತಾರೆ. ನೀವೊಬ್ಬರು ಇಲ್ಲದಿದ್ರೆ ಕಾಣ್ತದೆ."

ಕಾಣುತ್ತದೆ. ಆ ಮಾತು ಎರಡು ದಿನ ನನ್ನ ಬೆನ್ನ ಹಿಂದೆ ನಡೆಯಿತು.

ಮಂಗಳವಾರ ಬೆಳಿಗ್ಗೆ ಸೆವ್ರಿನ್‌ಳ ಪಕ್ಕದ ಫ್ಲ್ಯಾಟಿನ ಬಾಂಗ್ಲಾದೇಶಿ ಹೆಂಗಸು ತನ್ನ ಕುರ್ಚಿಗಳನ್ನು ವಾಪಸ್ ಕೇಳಲು ಹೋಗಿ ಬಾಗಿಲು ತಟ್ಟಿದಳು. ಸೆವ್ರಿನ್ ಶನಿವಾರ ಅವಳಿಂದ ಆರು ಕುರ್ಚಿ ಎರವಲು ತಂದಿದ್ದಳಂತೆ, ಜನ ಬರುತ್ತಾರೆಂದು. ಒಳಗಿಂದ ಉತ್ತರ ಬರಲಿಲ್ಲ. ನನ್ನ ಹತ್ತಿರ ಇದ್ದ ಕೀಲಿಯಿಂದ ಪೊಲೀಸರ ಮುಂದೆ ನಾನೇ ಬಾಗಿಲು ತೆಗೆದೆ. ಆರು ಕುರ್ಚಿ ಗೋಡೆಯುದ್ದಕ್ಕೆ ಸಾಲಾಗಿದ್ದವು. ಮೇಜಿನ ಮೇಲೆ ಇಪ್ಪತ್ತಾರು ಬತ್ತಿ, ಕಣ್ಣು ಕಾಣದವಳು ತಡವಿ ತಡವಿ ಇಟ್ಟದ್ದು, ಒಂದು ಕೂಡ ವಾರೆಯಾಗಿರಲಿಲ್ಲ. ಒಂದು ಮಾತ್ರ ಹಚ್ಚಿ, ಬುಡದ ತನಕ ಉರಿದು ಆರಿತ್ತು. ಅವಳು ಬಾಗಿಲಿನ ಹತ್ತಿರ ನೆಲದಲ್ಲಿ ಬಿದ್ದಿದ್ದಳು. ಫೋನು ಕೈಗೆ ಸಿಗುವಷ್ಟೇ ದೂರದಲ್ಲಿತ್ತು. ಸೋಮವಾರದ ತನಕ ಜೀವ ಇದ್ದಿರಬಹುದು ಎಂದರು ಡಾಕ್ಟರು.

ಸಮಾಜದ ನ್ಯೂಸ್‌ಲೆಟರಿಗೆ ಶ್ರದ್ಧಾಂಜಲಿ ಬರೆಯಲು ಎಲ್ಲರೂ ನನಗೇ ಹೇಳಿದರು. ಲಿಲ್ಲಿಬಾಯಿಯ ಭಾಷೆ ಚೆನ್ನಾಗಿದೆಯೆಂದರು. ಒಂದು ಪುಟ ಬರೆದೆ. ಅವಳ ಸೇವೆ, ತ್ಯಾಗ, ಕಬ್ಬನ್ನು ಸಮಾನವಾಗಿ ಹಂಚಿದ ಅವಳ ದೂರದೃಷ್ಟಿ. ವಿಕ್ಟರ್ ಓದಿ ಕಣ್ಣೊರೆಸಿಕೊಂಡ. ಕಡೆಯ ಸಾಲು ಹೀಗಿತ್ತು: "ಅಂದು ನಾವೆಲ್ಲರೂ ಬೇರೊಂದು ಪ್ರಾರ್ಥನಾ ಕೂಟದಲ್ಲಿದ್ದುದರಿಂದ ಕೊನೆಯ ಕ್ಷಣದಲ್ಲಿ ಅವರ ಬಳಿ ಇರುವ ಭಾಗ್ಯ ನಮಗೆ ದೊರೆಯಲಿಲ್ಲ." ಅದು ಅಚ್ಚಾಯಿತು. ಯಾರೂ ಪ್ರಶ್ನಿಸಲಿಲ್ಲ. ಇನ್ನೆಷ್ಟೋ ವರ್ಷದ ಮೇಲೆ ಯಾರಾದರೂ ಆ ಪುಟ ಓದಿದರೆ, ಪಾಪ, ಪ್ರಾರ್ಥನೆಯಲ್ಲಿದ್ದರು ಅಂದುಕೊಳ್ಳುತ್ತಾರೆ.

ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಅಲ್ಲಿ ಪ್ರಾರ್ಥನೆ ಇರಲಿಲ್ಲ. ಕಿಂಗ್ಸ್‌ಬರಿಯಲ್ಲಿ ಡೊಲ್ಫಿಯ ಮನೆಯ ಗಾಜಿನ ಕನ್ಸರ್ವೇಟರಿ ಕೋಣೆಯಲ್ಲಿ ಹಂದಿಮಾಂಸದ ಬಫಾತ್ ಮತ್ತು ಇಡ್ಲಿಯಂಥ ಸಾನ್ನಾಂ ಇತ್ತು, ಹೀಟರ್ ಜೋರಾಗಿ ಹಾಕಿದ್ದರು, ವಿಕ್ಟರ್ ಹಳೆಯ ಹಾಡು ಹೇಳುತ್ತಿದ್ದ. ಎರಡನೇ ಸಲ ಬಡಿಸಲು ಬಂದಾಗ ನಾನು ತಟ್ಟೆ ಮುಂದೆ ಹಿಡಿದೆ. ಆಗ ಮಡಿಲಲ್ಲಿದ್ದ ಬ್ಯಾಗಿನೊಳಗೆ ಫೋನು ರಿಂಗಾಯಿತು. ಎರಡು ಸಲ ರಿಂಗಾಗಿ ನಿಂತಿತು.

"ಯಾರು, ಲಿಲ್ಲಿಬಾಯ್?" ಎಂದಳು ಡೊಲ್ಫಿಯ ಹೆಂಡತಿ, ಚಮಚ ಎತ್ತಿ ಹಿಡಿದು.

"ಯಾರೂ ಇಲ್ಲ," ಎಂದೆ. "ಮಿಸ್ಡ್ ಕಾಲ್."